ಕಸ್ಟಮ್ ಬೇಸ್ ಮಾಡಿಸುವ ಮೊದಲು ನಿಮ್ಮ ಸೈಡ್ ಪ್ರಾಜೆಕ್ಟ್ ಏನು ಕೇಳ್ತಿದೆ ನೋಡಿ

ಕಸ್ಟಮ್ ಬೇಸ್ ಗಿಟಾರ್ ಅಂದ ತಕ್ಷಣ ಹೆಚ್ಚಿನವರ ತಲೆಗೆ ಬರುವುದು ಬಣ್ಣ, ಮರ, ಹೆಡ್‌ಸ್ಟಾಕ್ (ತಂತಿ ಬಿಗಿಸುವ ತುದಿ) ಆಕಾರ. ಅವೆಲ್ಲ ಕೊನೆಗೆ ಬರಲಿ. ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈಗ ಕೈಯಲ್ಲಿರುವ ಬೇಸ್‌ನಿಂದ ಆಗದ ಯಾವ ಕೆಲಸ ಹೊಸದರಿಂದ ಆಗಬೇಕು?

ಮೈನ್ ರಾಕ್ ಬ್ಯಾಂಡ್ ಮಾತ್ರ ಇದ್ದರೆ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸ್ ಬಂದದ್ದು 1951ರಲ್ಲಿ, ಜಾಝ್ ಬೇಸ್ 1960ರಲ್ಲಿ. ಇವತ್ತಿಗೂ ಎರಡು ಗಿಟಾರ್, ಒಂದು ಡ್ರಮ್ಸ್ ಇರುವ ಬ್ಯಾಂಡ್‌ಗೆ ಆ ಎರಡರಲ್ಲಿ ಒಂದು ಧಾರಾಳ ಸಾಕು. ಕೊರತೆ ಕಾಣಿಸುವುದು ಸೈಡ್ ಪ್ರಾಜೆಕ್ಟ್‌ನಲ್ಲಿ, ಅಂದರೆ ಮೈನ್ ಬ್ಯಾಂಡ್ ಜೊತೆಗೇ ನಡೆಸುವ ಇನ್ನೊಂದು ಸಂಗೀತದ ಕೆಲಸದಲ್ಲಿ. ಗಿಟಾರಿಸ್ಟ್ ಇಲ್ಲದ ಟ್ರಯೋ, ಅಕೂಸ್ಟಿಕ್ ಗಿಟಾರ್ ಜೊತೆ ಮೆಲ್ಲಗೆ ನುಡಿಸುವ ಜೋಡಿ, ಬೇಸೇ ಮುಂದೆ ನಿಂತು ಮಧುರವಾಗಿ ಹಾಡಬೇಕಾದ ಸೋಲೋ ಆಲ್ಬಮ್, ಹೀಗೆ. ಅಲ್ಲಿ ನಿಮಗೆ ಏನು ಸಿಗ್ತಿಲ್ಲವೋ ಅದೇ ನಿಮ್ಮ ಆರ್ಡರ್ ಶೀಟ್.

ರಾಕ್ ಬೇಸಿಸ್ಟ್ ಬಿಲ್ಲಿ ಶೀಹನ್ ಅವರನ್ನೇ ನೋಡಿ. ತಮ್ಮ ಹಳೆಯ ಪ್ರಿಸಿಶನ್‌ಗೆ ನೆಕ್ ಹತ್ತಿರ ಗಿಬ್ಸನ್‌ನ ಒಂದು ದೊಡ್ಡ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸಿ, ಎರಡು ಪಿಕಪ್‌ಗೂ ಬೇರೆ ಬೇರೆ ಔಟ್‌ಪುಟ್ ಕೊಟ್ಟರು. ಆಳವಾದ ಕ್ಲೀನ್ ಸದ್ದು ಒಂದು ಆಂಪ್‌ಗೆ, ಡಿಸ್ಟಾರ್ಶನ್ ಹಾಕಿದ ಒರಟು ಸದ್ದು ಇನ್ನೊಂದು ಆಂಪ್‌ಗೆ. ಮುಂದೆ ಯಮಾಹಾದವರು ಅವರಿಗಾಗಿ ಮಾಡಿದ ಆಟಿಟ್ಯೂಡ್ ಬೇಸ್‌ನಲ್ಲೂ ಇದೇ ವ್ಯವಸ್ಥೆ. ಅವರ ಸೈಡ್ ಪ್ರಾಜೆಕ್ಟ್ ನಯಾಸಿನ್‌ನಲ್ಲಿ ಗಿಟಾರೇ ಇಲ್ಲ. ಹ್ಯಾಮಂಡ್ ಆರ್ಗನ್, ಡ್ರಮ್ಸ್, ಬೇಸ್ ಅಷ್ಟೇ. ಅಂಥ ಕಡೆ ಡಿಸ್ಟಾರ್ಶನ್ ಹಾಕಿದ ಕೂಡಲೇ ತಳದ ಸದ್ದು ತೆಳ್ಳಗಾದರೆ ಇಡೀ ಬ್ಯಾಂಡ್ ಕುಸಿಯುತ್ತದೆ, ಎರಡು ಔಟ್‌ಪುಟ್ ಇದ್ದರೆ ಆ ಭಯ ಇಲ್ಲ.

ಚೀಪ್ ಟ್ರಿಕ್ ಬ್ಯಾಂಡ್‌ನ ಬೇಸಿಸ್ಟ್ ಟಾಮ್ ಪೀಟರ್‌ಸನ್ ಹೇಮರ್ ಕಂಪನಿಯಿಂದ 12 ತಂತಿಯ ಬೇಸ್ ಮಾಡಿಸಿದ್ದು 1970ರ ದಶಕದ ಕೊನೆಯಲ್ಲಿ. ಅದರಲ್ಲಿ ಪ್ರತಿ ದಪ್ಪ ತಂತಿಯ ಪಕ್ಕ ಒಂದು ಆಕ್ಟೇವ್ ಮೇಲಿನ ಎರಡು ಸಣ್ಣ ತಂತಿ. ಒಂದೇ ಗಿಟಾರ್ ಇರುವ ಬ್ಯಾಂಡ್‌ನಲ್ಲಿ ಜಾಗ ತುಂಬುವುದಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ. ಬೇಸಿಸ್ಟ್ ಜ್ಯಾಕ್ ಕಾಸಡಿಯವರದು ಇನ್ನೊಂದು ದಾರಿ. ತಮ್ಮ ಬ್ಯಾಂಡ್ ಜೆಫರ್ಸನ್ ಏರ್‌ಪ್ಲೇನ್ ಜೊತೆಗೇ 1969ರಲ್ಲಿ ಹಾಟ್ ಟ್ಯೂನಾ ಶುರು ಮಾಡಿದರು, ಅಲ್ಲಿ ಗಿಟಾರಿಸ್ಟ್ ಯೋರ್ಮಾ ಕೌಕೋನನ್ ಅವರ ಫಿಂಗರ್‌ಪಿಕಿಂಗ್ (ಬೆರಳಿಂದ ಮೀಟಿ ನುಡಿಸುವುದು) ಪಕ್ಕ ಬೇಸ್‌ನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ಅಲೆಂಬಿಕ್ ಕಂಪನಿಯ ಮೊದಲ ಬೇಸ್ 1972ರಲ್ಲಿ ತಯಾರಾದದ್ದು ಕಾಸಡಿಯವರಿಗಾಗಿಯೇ. ಆಕ್ಟಿವ್ ಎಲೆಕ್ಟ್ರಾನಿಕ್ಸ್ (ಬೇಸ್ ಒಳಗೇ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್), ಸ್ಪಷ್ಟವಾದ ಸದ್ದು ಅಂದರೆ ಇವತ್ತಿಗೂ ಜನ ಆ ಹೆಸರು ಹೇಳುತ್ತಾರೆ.

ಸರಿ, ನಿಮ್ಮದಕ್ಕೆ ಬರೋಣ. ಸೈಡ್ ಪ್ರಾಜೆಕ್ಟ್‌ನ ಒಂದು ರಿಹರ್ಸಲ್ ರೆಕಾರ್ಡ್ ಮಾಡಿ, ಫೋನ್‌ನಲ್ಲಿ ಮಾಡಿದರೂ ಪರವಾಗಿಲ್ಲ. ಮಾರನೇ ದಿನ ಕೇಳಿ. ತಳದ ಸ್ವರ ಸಾಲುತ್ತಿಲ್ಲವಾ, ಮಧ್ಯದಲ್ಲಿ ಖಾಲಿ ಇದೆಯಾ, ಸ್ವರ ಬೇಗ ಸಾಯುತ್ತಿದೆಯಾ, ಅಥವಾ ಬೇಸ್ ಜಾಸ್ತಿ ಜಾಗ ತಿಂದು ಹಾಡುವವರ ಮೇಲೆ ಬೀಳುತ್ತಿದೆಯಾ? ಪದಗಳಲ್ಲಿ ಬರೆದಿಡಿ. "ಬೆಚ್ಚಗಿನ ಸದ್ದು ಬೇಕು" ಅಂದರೆ ಲೂಥಿಯರ್‌ಗೆ (ಗಿಟಾರ್ ತಯಾರಿಸುವವರು) ಏನೂ ತಿಳಿಯುವುದಿಲ್ಲ, "ಏಳನೇ ಫ್ರೆಟ್ ದಾಟಿದ ಮೇಲೆ ಜಿ ತಂತಿ ತೆಳ್ಳಗೆ ಕೇಳುತ್ತದೆ" ಅಂದರೆ ತಕ್ಷಣ ತಿಳಿಯುತ್ತದೆ.

ಈಗ ಸ್ಕೇಲ್ ಲೆಂಗ್ತ್, ಅಂದರೆ ನಟ್‌ನಿಂದ (ಹೆಡ್‌ಸ್ಟಾಕ್ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿ ಮೇಲೆ ತಂತಿ ಕೂರುವ ಭಾಗ) ತಂತಿಯ ಉದ್ದ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದು, ಯಾಕೆಂದರೆ ಪಿಕಪ್ ಮುಂದೆ ಬದಲಾಯಿಸಬಹುದು, ಸ್ಕೇಲ್ ಬದಲಾಯಿಸಲು ಆಗುವುದಿಲ್ಲ. ಸಾಮಾನ್ಯ ಬೇಸ್ 34 ಇಂಚು. ಶಾರ್ಟ್ ಸ್ಕೇಲ್ 30 ಇಂಚು. ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಶ್ರುತಿ ಮಾಡಿದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 30 ಇಂಚಿನಲ್ಲಿ ಬಿಗಿತ ಸುಮಾರು 22% ಕಮ್ಮಿ. ಸದ್ದು ದುಂಡಗೆ, ಮೆತ್ತಗೆ ಬರುತ್ತದೆ. ಮೊದಲ ಫ್ರೆಟ್‌ನ (ನೆಕ್ ಮೇಲಿನ ಲೋಹದ ಪಟ್ಟಿಗಳ ನಡುವಿನ ಜಾಗ) ಅಗಲವೂ 48 ಮಿ.ಮೀ. ಆಸುಪಾಸಿನಿಂದ 43ಕ್ಕೆ ಇಳಿಯುತ್ತದೆ, ಕಾರ್ಡ್ ನುಡಿಸುವವರಿಗೆ ಇದು ದೊಡ್ಡ ಆರಾಮ. ಐದು ತಂತಿಯ ಬೇಸ್‌ನಲ್ಲಿ ಕೆಳಗಿನ ಬಿ ಸುಮಾರು 31 ಹರ್ಟ್ಜ್, ಅದು ಸಡಿಲವಾಗಿ ಗುಡುಗದೆ ಗಟ್ಟಿಯಾಗಿ ನಿಲ್ಲಲಿ ಅಂತ ಹಲವರು 35 ಇಂಚು ಮಾಡಿಸುತ್ತಾರೆ. ಆ ಒಂದು ಇಂಚಿಗೆ ಬಿಗಿತ 6% ಏರುತ್ತದೆ, ಎಡಗೈ ಚಾಚುವುದೂ ಸ್ವಲ್ಪ ಹೆಚ್ಚುತ್ತದೆ.

ಆದರೆ ಒಂದು ಮಾತು. ನಿಮ್ಮ ರಾಕ್ ಹಾಡುಗಳಿಗೆ ಕೆಳಗಿನ ಡಿ ಮಾತ್ರ ಬೇಕಾದರೆ ಐದನೇ ತಂತಿಗೆ ಹೋಗಬೇಡಿ. ಇ ತಂತಿಯ ಟ್ಯೂನರ್ ಜಾಗದಲ್ಲಿ ಸಣ್ಣ ಲಿವರ್ ಇರುವ ಡ್ರಾಪ್ ಟ್ಯೂನರ್ ಹಾಕಿಸಿ. ಲಿವರ್ ತಿರುಗಿಸಿದರೆ ಡಿ, ವಾಪಸ್ ತಿರುಗಿಸಿದರೆ ಇ. ನೆಕ್ ತೆಳ್ಳಗೇ ಉಳಿಯುತ್ತದೆ.

ನೆಕ್ ಅಳತೆಯನ್ನು ಊಹೆಯಿಂದ ಕೊಡಬೇಡಿ. ನಿಮಗೆ ಇಷ್ಟವಾದ ಬೇಸ್ ತೆಗೆದುಕೊಂಡು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ: ನಟ್ ಅಗಲ, ಮೊದಲ ಮತ್ತು ಹನ್ನೆರಡನೇ ಫ್ರೆಟ್‌ನಲ್ಲಿ ನೆಕ್‌ನ ದಪ್ಪ, ಬ್ರಿಡ್ಜ್‌ನಲ್ಲಿ ತಂತಿಗಳ ನಡುವಿನ ಅಂತರ. ಜಾಝ್ ಬೇಸ್‌ನ ನಟ್ ಸುಮಾರು 38 ಮಿ.ಮೀ., ಪ್ರಿಸಿಶನ್‌ದು ಸಾಮಾನ್ಯವಾಗಿ 41ರಿಂದ 44. ಕೇಳಲು ಚಿಕ್ಕ ವ್ಯತ್ಯಾಸ, ಕೈಗೆ ಮಾತ್ರ ಬೇರೆಯೇ ವಾದ್ಯ. ಸ್ಲ್ಯಾಪ್ ಮಾಡುವವರು, ಅಂದರೆ ಹೆಬ್ಬೆರಳಿಂದ ತಂತಿಗೆ ಬಡಿದು ನುಡಿಸುವವರು, ಬ್ರಿಡ್ಜ್‌ನಲ್ಲಿ 19 ಮಿ.ಮೀ. ಅಂತರ ಕೇಳಿ, ಪಿಕ್‌ನಲ್ಲೇ ನುಡಿಸುವವರಿಗೆ 17 ಇದ್ದರೂ ನಡೆಯುತ್ತದೆ.

ಬಾಡಿ ಆಕಾರ ಎಷ್ಟೇ ಚೆಂದ ಇರಲಿ, ಮೇಲಿನ ಕೊಂಬು ಹನ್ನೆರಡನೇ ಫ್ರೆಟ್ ಹತ್ತಿರ ಬರುತ್ತದಾ ನೋಡಿ. ಸ್ಟ್ರಾಪ್ ಬಟನ್ ಅಲ್ಲಿರುತ್ತದೆ. ಕೊಂಬು ಗಿಡ್ಡವಾದರೆ ಕೈಬಿಟ್ಟ ಕೂಡಲೇ ಹೆಡ್‌ಸ್ಟಾಕ್ ನೆಲದ ಕಡೆ ವಾಲುತ್ತದೆ, ಎಡಗೈ ಇಡೀ ಶೋ ನೆಕ್ ಹೊತ್ತುಕೊಂಡೇ ಇರಬೇಕಾಗುತ್ತದೆ. ಹಗುರ ಟ್ಯೂನರ್ ಹಾಕಿಸಿದರೆ ಸ್ವಲ್ಪ ಸಹಾಯ ಆಗುತ್ತದೆ, ಗಿಡ್ಡ ಕೊಂಬನ್ನು ಅದು ಪೂರ್ತಿ ಸರಿ ಮಾಡಲ್ಲ. ತೂಕ ನಾಲ್ಕು ಕೆ.ಜಿ. ಆಸುಪಾಸಿನಲ್ಲಿ ಇರಲಿ ಅಂತ ಬರವಣಿಗೆಯಲ್ಲೇ ಹೇಳಿ.

ಪಿಕಪ್ ವಿಷಯದಲ್ಲಿ ಬ್ರ್ಯಾಂಡ್‌ಗಿಂತ ಜಾಗ ಮುಖ್ಯ. ಬ್ರಿಡ್ಜ್ ಹತ್ತಿರ ಹೋದಷ್ಟೂ ಸದ್ದು ಬಿಗಿ ಮತ್ತು ಮೂಗಿನದು, ನೆಕ್ ಹತ್ತಿರ ಬಂದಷ್ಟೂ ದಪ್ಪ. ರಾಕ್ ಬ್ಯಾಂಡ್‌ಗೂ ಮೆಲ್ಲಗಿನ ಪ್ರಾಜೆಕ್ಟ್‌ಗೂ ಒಂದೇ ಬೇಸ್ ಬೇಕೆಂದರೆ ಪ್ರಿಸಿಶನ್‌ನಲ್ಲಿ ಪಿಕಪ್ ಇರುವ ಮಧ್ಯದ ಜಾಗದಲ್ಲಿ ಒಂದು, ಬ್ರಿಡ್ಜ್ ಕಡೆ ಒಂದು ಹಾಕಿಸಿ, ಸುಮ್ನೆ ಮೂರನೆಯದು ಬೇಡ. ಆಕ್ಟಿವ್ ಪ್ರೀಆಂಪ್ ಹಾಕಿಸಿದರೆ ಬ್ಯಾಟರಿ ಇಲ್ಲದೆ ನಡೆಯುವ ಪ್ಯಾಸಿವ್‌ಗೆ ಬದಲಾಯಿಸುವ ಸ್ವಿಚ್ ಇರಲೇಬೇಕು. ಬ್ಯಾಟರಿ ಹಾಡಿನ ಮಧ್ಯೆ ಸತ್ತರೆ ಆ ಸ್ವಿಚ್ ಒಂದೇ ಗತಿ. ಕೆಲಸ ಮುಗಿದ ಮೇಲೆ ಕೇಬಲ್ ಕಿತ್ತಿಡಿ, ಜ್ಯಾಕ್‌ನಲ್ಲಿ ಕೇಬಲ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಮರದ ಬಗ್ಗೆ ಜಗಳ ಮುಗಿಯುವಂಥದ್ದಲ್ಲ, ಅದಕ್ಕೆ ನಾನು ಕೈಹಾಕುವುದಿಲ್ಲ. ಪ್ರವಾಸ ಮಾಡುವವರು ಒಂದು ತಿಳಿದಿರಲಿ: ಬ್ರೆಜಿಲಿಯನ್ ರೋಸ್‌ವುಡ್ ಮೇಲೆ ಅಂತಾರಾಷ್ಟ್ರೀಯ ವ್ಯಾಪಾರದ ಕಟ್ಟುನಿಟ್ಟಿನ ನಿರ್ಬಂಧ ಇದೆ, ಅದನ್ನು ಗಡಿ ದಾಟಿಸಲು ಕಾಗದಪತ್ರ ಬೇಕು. ಫಿಂಗರ್‌ಬೋರ್ಡ್‌ಗೆ ಮೇಪಲ್ ಆರಿಸಿಕೊಂಡರೆ ಈ ತಲೆನೋವು ಇಲ್ಲ.

ಫ್ರೆಟ್ ಪಟ್ಟಿಗಳೇ ಇಲ್ಲದ ಫ್ರೆಟ್‌ಲೆಸ್ ಬೇಸ್‌ನ ಆಸೆ ಇದ್ದರೆ ಅದಕ್ಕಾಗಿ ಇನ್ನೊಂದು ಬಾಡಿ ಮಾಡಿಸುವ ಅಗತ್ಯ ಇಲ್ಲ. ನೆಕ್ ಅನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಬೋಲ್ಟ್-ಆನ್ ಜೋಡಣೆ ಕೇಳಿ, ಅದೇ ಅಳತೆಯ ಎರಡನೇ ನೆಕ್ ಮಾಡಿಸಿಟ್ಟುಕೊಳ್ಳಿ. ಅದಕ್ಕೆ ನುಣುಪಾದ ಫ್ಲಾಟ್‌ವೌಂಡ್ ತಂತಿ ಹಾಕಿ, ಒರಟಾದ ರೌಂಡ್‌ವೌಂಡ್ ಬರೀ ಮರದ ಫಿಂಗರ್‌ಬೋರ್ಡ್ ಅನ್ನು ಉಜ್ಜಿ ತಿನ್ನುತ್ತದೆ.

ಆರ್ಡರ್ ಕೊಡುವಾಗ ಯಾವ ಗೇಜ್ (ದಪ್ಪ) ತಂತಿ, ಯಾವ ಶ್ರುತಿ ಅಂತ ಖಂಡಿತ ಬರೆಯಿರಿ. ನಟ್‌ನ ಸೀಳು ಕತ್ತರಿಸುವುದು ಅದರ ಮೇಲೆಯೇ. ಯಾವ ಹಂತದವರೆಗೆ ಬದಲಾವಣೆ ಕೇಳಬಹುದು ಅನ್ನುವುದನ್ನೂ ಮುಂಚೆಯೇ ಮಾತಾಡಿಕೊಳ್ಳಿ. ನೆಕ್‌ಗೆ ಕೊನೆಯ ಆಕಾರ ಕೊಡುವ ಮೊದಲು ಒಂದು ಸಲ ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಬಿಡಲೇಬೇಡಿ. ಬೇಸ್ ಕೈಗೆ ಬಂದ ಮೇಲೆ ಮೊದಲ ಕೆಲವು ತಿಂಗಳಲ್ಲಿ ಹೊಸ ನೆಕ್ ತಂತಿಯ ಎಳೆತಕ್ಕೆ, ಹವಾಮಾನಕ್ಕೆ ಹೊಂದಿಕೊಳ್ಳುತ್ತಾ ಅಲ್ಪಸ್ವಲ್ಪ ಬಾಗಬಹುದು. ಗಾಬರಿ ಬೇಡ. ಟ್ರಸ್ ರಾಡ್ (ಬಾಗು ಸರಿಪಡಿಸಲು ನೆಕ್ ಒಳಗಿರುವ ಲೋಹದ ಸರಳು) ಅನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದೆ, ಒಂದು ದಿನ ಬಿಟ್ಟು ಮತ್ತೆ ನೋಡಿ, ಆಮೇಲೆ ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಬರುವಂತೆ ಇಂಟೊನೇಶನ್ ಸರಿ ಮಾಡಿಕೊಂಡು ಎರಡೂ ಬ್ಯಾಂಡ್‌ಗಳ ರಿಹರ್ಸಲ್‌ಗೆ ತೆಗೆದುಕೊಂಡು ಹೋಗಿ.