ಕೆರೆ ಮಧ್ಯೆ ಬಜರ್ ಕೂಗಿದರೆ: ಔಟ್‌ಬೋರ್ಡ್ ಇಂಜಿನ್‌ನ ಆಯಿಲ್ ತೊಂದರೆ ಹುಡುಕುವುದು ಹೇಗೆ?

ಕೋಲಾರ ಜಿಲ್ಲೆಯ ಕೆರೆಗಳಲ್ಲಿ ಮೊದಲು ನೀರೇ ಇರುತ್ತಿರಲಿಲ್ಲ, ಇನ್ನು ದೋಣಿ ಇಂಜಿನ್ ಮಾತೆಲ್ಲಿ? 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದರ ಹಿಂದೆ ಒಂದು ಕೆರೆ ತುಂಬುತ್ತಾ ಹೋಯಿತು, ಮೀನು ಹಿಡಿಯುವ ಕೆಲಸಕ್ಕೂ ಜೀವ ಬಂತು. ಈಗಲೂ ತೆಪ್ಪವೇ ಜಾಸ್ತಿ. ಆದರೆ ಹಿಂಬದಿಗೆ ಇಂಜಿನ್ (ಅದೇ ಔಟ್‌ಬೋರ್ಡ್) ಕೂರಿಸಿದ ದೋಣಿ ಇಟ್ಟುಕೊಂಡವರ ಕಷ್ಟವೇ ಬೇರೆ. ಮಲ್ಪೆಯಲ್ಲಾದರೆ ಇಂಥ ಇಂಜಿನ್ ಬಿಚ್ಚುವವರು ಬಂದರಿನ ಸುತ್ತಲೇ ಸಿಗುತ್ತಾರೆ. ಇಲ್ಲಿ ಬೈಕ್ ಮೆಕ್ಯಾನಿಕ್ಕೇ ಗತಿ. ಅವರು ಕೈಚಳಕದವರೇ, ಆದರೆ ಬೈಕಿನ ಅಭ್ಯಾಸವನ್ನು ದೋಣಿ ಇಂಜಿನ್‌ಗೆ ತಂದರೆ ಮೊದಲು ಕೆಡುವುದು ಆಯಿಲ್ ಲೆಕ್ಕ. ಜೊತೆಗೆ ನಮ್ಮ ಇಂಜಿನ್‌ಗಳು ಓಡಿ ಸವೆಯುವುದಕ್ಕಿಂತ ಸುಮ್ನೆ ನಿಂತು ಕೆಡುವುದೇ ಹೆಚ್ಚು.

ಬಜರ್ ಕೂಗಿದ ಕೂಡಲೇ

ಇಂಜಿನ್ ನಿಲ್ಲಿಸುವ ಮುಂಚೆ ಒಂದು ಕ್ಷಣ ಹಿಂದೆ ನೋಡಿ. ಇಂಜಿನ್ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಎಳೆ ಬರುತ್ತಿದೆಯಾ? ಬಹಳಷ್ಟು ಇಂಜಿನ್‌ಗಳಲ್ಲಿ ಆಯಿಲ್ ಕಮ್ಮಿಯಾದರೂ, ಇಂಜಿನ್ ಕಾದರೂ ಕೂಗುವುದು ಅದೇ ಬಜರ್. ನೀರಿನ ಎಳೆ ನಿಂತಿದ್ದರೆ ಆಯಿಲ್ ಹುಡುಕಬೇಡಿ. ಅಂತರಗಂಗೆ ಕಳೆಯೋ, ಪ್ಲಾಸ್ಟಿಕ್ ಕವರೋ ನೀರೆಳೆಯುವ ಜಾಲರಿಗೆ ಅಂಟಿರುತ್ತದೆ. ನಮ್ಮ ಕೆರೆಗಳಲ್ಲಿ ಇದೇ ಮೊದಲ ಅನುಮಾನ.

ನೀರು ಚೆನ್ನಾಗಿ ಬರುತ್ತಿದ್ದರೆ ಆಯಿಲ್ ಕಡೆ ತಿರುಗಿ. ಇಂಜಿನ್ ನಿಲ್ಲಿಸಿ, ಹುಟ್ಟು ಹಾಕಿಕೊಂಡು ದಡಕ್ಕೆ ಬನ್ನಿ. ಕೆಲವರು ಕಿರಿಕಿರಿ ಅಂತ ಸೆನ್ಸರ್ ವೈರನ್ನೇ ಕಿತ್ತು ಓಡಿಸುತ್ತಾರೆ. ಆಯಿಲ್ ಒತ್ತಡ ನಿಜವಾಗಿಯೂ ಬಿದ್ದಿದ್ದರೆ ಬೇರಿಂಗ್ ಹೋಗಲು ಹೆಚ್ಚು ಹೊತ್ತು ಬೇಡ.

ದಡದಲ್ಲಿ ಕೈ ಹಾಕುವ ಮುಂಚೆ ಇಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರ ತೆಗೆಯಿರಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಬಿಚ್ಚಿಡಿ. ಪ್ರೊಪೆಲ್ಲರ್ ಹತ್ತಿರ ಬೆರಳಿಟ್ಟಾಗ ಇಂಜಿನ್ ಸ್ಟಾರ್ಟ್ ಆಗುವ ದಾರಿ ಇರಬಾರದು.

ಟೂ ಸ್ಟ್ರೋಕ್ ಆದರೆ

ಚಿಕ್ಕ ಇಂಜಿನ್‌ಗಳಲ್ಲಿ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಸಾಮಾನ್ಯ ಅಳತೆ 50ಕ್ಕೆ 1, ಅಂದರೆ 10 ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಹೊಸ ಇಂಜಿನ್ ಪಳಗುವವರೆಗೆ 25ಕ್ಕೆ 1 ಹಾಕಿ ಅನ್ನುವ ಕಂಪನಿಗಳಿವೆ. ನಿಮ್ಮ ಇಂಜಿನ್ ಜೊತೆ ಬಂದ ಪುಸ್ತಕದ ಮಾತೇ ಕೊನೆ. ಅಂದಾಜಿಗೆ ಸುರಿಯಬೇಡಿ, ಅಳತೆ ಲೋಟ ಇಟ್ಟುಕೊಳ್ಳಿ. ವಾರಗಟ್ಟಲೆ ನಿಂತ ಕ್ಯಾನ್ ಆದರೆ ಚೆನ್ನಾಗಿ ಕುಲುಕಿಯೇ ಬಳಸಿ. ತಿಂಗಳುಗಟ್ಟಲೆ ನಿಂತ ಹಳೇ ಪೆಟ್ರೋಲ್ ಮಾತ್ರ ಬೇಡವೇ ಬೇಡ.

ಇನ್ನು ಆಯಿಲ್ ಯಾವುದು ಅನ್ನುವುದು. ಹಳೇ ಲೂನಾ, ಆರ್‌ಎಕ್ಸ್ 100 ಕಾಲದಿಂದ ಬಂದ ಬಂಕಿನ ಟೂಟಿ (ಟೂ ಸ್ಟ್ರೋಕ್ ಬೈಕಿನ) ಆಯಿಲನ್ನೇ ದೋಣಿಗೂ ಸುರಿಯುವುದು ಇಲ್ಲಿ ಕಾಣುವ ದೊಡ್ಡ ತಪ್ಪು. ಬೈಕ್ ಇಂಜಿನ್ ಗಾಳಿಗೆ ತಣ್ಣಗಾಗುತ್ತದೆ, ದೋಣಿ ಇಂಜಿನ್ ಹೆಚ್ಚಾಗಿ ನೀರಿಗೆ. ಬೈಕ್ ಆಯಿಲಿನಲ್ಲಿರುವ ಕೆಲವು ಸೇರ್ಪಡೆಗಳು ಬೂದಿ ಬಿಡುತ್ತವೆ. ಅದು ಪ್ಲಗ್ ಮೇಲೆ, ಪಿಸ್ಟನ್ ತಲೆಯ ಮೇಲೆ ಕೂರುತ್ತದೆ. ನೀರಿನಿಂದ ತಣ್ಣಗಾಗುವ ಇಂಜಿನ್‌ಗೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಬರೆದಿರುವ ಆಯಿಲ್ ಬೇಕು. ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನಿಂದಲೇ ತರಿಸಿ.

ಪ್ಲಗ್ ಬಿಚ್ಚಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಕಪ್ಪಾಗಿ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿ, ಅಥವಾ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಒಣಗಿ ಬಿಳಿಚಿಕೊಂಡು, ಮೇಲೆ ಸಣ್ಣ ಲೋಹದ ಚುಕ್ಕೆ ಕಂಡರೆ ಇಂಜಿನ್ ಓಡಿಸಲೇಬೇಡಿ.

ದೊಡ್ಡ ಟೂ ಸ್ಟ್ರೋಕ್‌ಗಳಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇರುತ್ತದೆ. ಇಲ್ಲಿ ಕಾಟ ಕೊಡುವುದು ಪೈಪಿನೊಳಗಿನ ಗಾಳಿ. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾದರೆ ಸಾಕು, ಆಮೇಲೆ ತುಂಬಿದರೂ ಪಂಪಿಗೆ ಆಯಿಲ್ ಸಿಗುವುದಿಲ್ಲ. ಪಂಪಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಿ, ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಬಿಟ್ಟು, ಬಿಗಿ ಮಾಡಿ. ಟ್ಯಾಂಕಿನ ತಳದಲ್ಲಿ ನೀರು ಸೇರಿದೆಯಾ, ಜಾಲರಿ ಕಟ್ಟಿದೆಯಾ ಅಂತಲೂ ನೋಡಿ.

ಪಂಪ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವ ಅನುಮಾನಕ್ಕೆ ಸುಲಭದ ಪರೀಕ್ಷೆ ಇದೆ. ಪೆಟ್ರೋಲ್ ಟ್ಯಾಂಕಿಗೇ 50ಕ್ಕೆ 1ರಂತೆ ಆಯಿಲ್ ಬೆರೆಸಿ. ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಹೊರಗಿನಿಂದ ಟೇಪ್ ಅಂಟಿಸಿ. ದಡದ ಹತ್ತಿರವೇ ಸ್ವಲ್ಪ ಹೊತ್ತು ಓಡಿಸಿ. ಹೊಗೆ ಜಾಸ್ತಿ ಬಂದರೆ ಗಾಬರಿ ಬೇಡ, ಎರಡು ಕಡೆಯಿಂದ ಆಯಿಲ್ ಹೋಗುತ್ತಿದೆ ಅಲ್ವಾ. ಮಟ್ಟ ಟೇಪಿಗಿಂತ ಇಳಿಯದೇ ಇದ್ದರೆ ಪಂಪ್ ಎಳೆಯುತ್ತಿಲ್ಲ. ರಿಪೇರಿ ಆಗುವವರೆಗೆ ಬೆರೆಸಿದ ಪೆಟ್ರೋಲಿನಲ್ಲೇ ಓಡಿಸಬೇಕು.

ಫೋರ್ ಸ್ಟ್ರೋಕ್ ಆದರೆ

ಇಲ್ಲಿ ಆಯಿಲ್ ಪೆಟ್ರೋಲಿಗೆ ಬೆರೆಸುವುದಲ್ಲ, ಇಂಜಿನ್ ಒಳಗೇ ಬೇರೆಯಾಗಿ ಇರುತ್ತದೆ. ಇಂಜಿನ್ ನೆಟ್ಟಗೆ ನಿಂತಿರಲಿ. ಮೇಲೆತ್ತಿದ ಇಂಜಿನ್‌ನಲ್ಲಿ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ನೋಡಿದರೆ ಅಳತೆ ಸುಳ್ಳು. ಓಡಿಸಿ ನಿಲ್ಲಿಸಿದ್ದರೆ 10 ನಿಮಿಷ ಕಾಯಿರಿ. ಕಡ್ಡಿ ಒರೆಸಿ, ಅದ್ದಿ, ನೋಡಿ. ಕಮ್ಮಿ ಇದ್ದರೆ ಪುಸ್ತಕದಲ್ಲಿ ಹೇಳಿದ ಆಯಿಲ್ ಹಾಕಿ. ಮೇಲಿನ ಗೆರೆ ದಾಟಬೇಡಿ, ಜಾಸ್ತಿಯಾದರೆ ನೊರೆ ಬರುತ್ತದೆ, ಹೊಗೆಯೂ ಬರುತ್ತದೆ.

ಹಾಕದೇ ಇದ್ದರೂ ಮಟ್ಟ ಏರಿದೆಯಾ? ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅದು ಆಯಿಲಿಗೆ ಇಳಿಯುತ್ತಿದೆ. ಬಲೆ ಬಿಡುತ್ತಾ ಗಂಟೆಗಟ್ಟಲೆ ನಿಧಾನಕ್ಕೆ ಓಡಿಸುವವರಲ್ಲಿ ಇದು ಮಾಮೂಲು, ಏಕೆಂದರೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಇಂಜಿನ್ ಬಿಸಿಗೆ ತಕ್ಕಂತೆ ನೀರು ಬಿಡುವ ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೂ ಹೀಗಾಗುತ್ತದೆ. ಆಯಿಲ್ ಬದಲಿಸಿ, ವಾಪಸ್ ಬರುವಾಗ ಒಂದಷ್ಟು ದೂರ ವೇಗವಾಗಿ ಓಡಿಸಿ. ಕಡ್ಡಿಯ ಮೇಲೆ ಹಾಲು ಬೆರೆತಂಥ ಬಣ್ಣ ಕಂಡರೆ ನೀರು ಸೇರಿದೆ, ಅದು ವರ್ಕ್‌ಶಾಪಿನ ಕೆಲಸ. ಮಟ್ಟ ಸರಿಯಿದ್ದೂ ಬಜರ್ ಕೂಗುತ್ತಲೇ ಇದ್ದರೆ ಸೆನ್ಸರ್ ವೈರಿನ ತುದಿ ಸಡಿಲವೋ, ತುಕ್ಕೋ ನೋಡಿ. ಅದೂ ಸರಿಯಿದ್ದರೆ ಗೇಜ್ ಹಾಕಿ ಒತ್ತಡ ಅಳೆಯುವವರೆಗೆ ಸ್ಟಾರ್ಟ್ ಮಾಡಬೇಡಿ.

ಮೊದಲ ಆಯಿಲ್ ಬದಲಾವಣೆ ಸಾಮಾನ್ಯವಾಗಿ 20 ಗಂಟೆಗೆ, ಆಮೇಲೆ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ. ನಮ್ಮ ಕಡೆ 100 ಗಂಟೆ ಓಡುವ ಮುಂಚೆಯೇ ವರ್ಷ ಮುಗಿದಿರುತ್ತದೆ, ಹಾಗಾಗಿ ಕ್ಯಾಲೆಂಡರ್ ನೋಡಿಯೇ ಬದಲಿಸಿ.

ಯಾರೂ ನೋಡದ ಗೇರ್ ಆಯಿಲ್

ಇಂಜಿನ್ ಆಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಇದು ನೀರೊಳಗೆ ಮುಳುಗುವ ಕೆಳಭಾಗದಲ್ಲಿರುತ್ತದೆ. ಮೀನಿನ ಬಲೆಯ ನೈಲಾನ್ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡರೆ ಅಲ್ಲಿನ ಸೀಲನ್ನು ಕತ್ತರಿಸುತ್ತದೆ. ಆಯಿಲ್ ಹೊರಗೆ, ನೀರು ಒಳಗೆ. ಬಲೆಗಳೇ ತುಂಬಿರುವ ಕೆರೆಯಲ್ಲಿ ಆಗಾಗ ಪ್ರೊಪೆಲ್ಲರ್ ಬಿಚ್ಚಿ ದಾರ ತೆಗೆಯುವುದು ಒಳ್ಳೆಯದು.

ಪರೀಕ್ಷೆಗೆ ಈ ಭಾಗದ ಎರಡು ಸ್ಕ್ರೂಗಳಲ್ಲಿ ಮೊದಲು ಕೆಳಗಿನದನ್ನು ಬಿಚ್ಚಿ, ಆಮೇಲೆ ಮೇಲಿನದು. ರಾತ್ರಿಯಿಡೀ ನಿಂತಿದ್ದ ಇಂಜಿನ್ ಆದರೆ ಮೊದಲು ಇಳಿಯುವುದನ್ನೇ ಗಮನಿಸಿ. ನೀರಿದ್ದರೆ ಅದೇ ಮುಂದೆ ಬರುತ್ತದೆ. ಬೆಳ್ಳಗೆ ಕದಡಿದ್ದರೆ ಸೀಲ್ ಬದಲಿಸಬೇಕು. ಸ್ಕ್ರೂ ಮ್ಯಾಗ್ನೆಟ್‌ಗೆ ನಯವಾದ ಕಪ್ಪು ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಗೇರ್ ಹಲ್ಲು ಹೋಗುತ್ತಿದೆ.

ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ಟ್ಯೂಬಿನಲ್ಲಿ ಒತ್ತಿ ತುಂಬಬೇಕು. ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಆಯಿಲ್ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಟ್ಯೂಬ್ ತೆಗೆದು ತಕ್ಷಣ ಕೆಳಗಿನದು. ಎರಡಕ್ಕೂ ಹೊಸ ವಾಷರ್.

ಇಳಿಸಿದ ಆಯಿಲನ್ನು ಕಟ್ಟೆ ಪಕ್ಕ ಚೆಲ್ಲಬೇಡಿ. ಈ ಕೆರೆಗಳು ತುಂಬಿಸುವುದು ಸುತ್ತಲಿನ ಬೋರ್‌ವೆಲ್‌ಗಳನ್ನು. ಹಳೇ ಕ್ಯಾನಿಗೆ ಹಾಕಿ ಗ್ಯಾರೇಜಿಗೆ ಕೊಡಿ.

ಕೆಲಸ ಮುಗಿದ ಮೇಲೆ ನೆಲದ ಮೇಲೆ ಒಣಗೇ ಸ್ಟಾರ್ಟ್ ಮಾಡಿ ನೋಡುವ ಆಸೆ ಬೇಡ, ನೀರಿನ ಪಂಪಿನ ರಬ್ಬರ್ ಕ್ಷಣಗಳಲ್ಲಿ ಸುಡುತ್ತದೆ. ಇಂಜಿನ್ ಗಟ್ಟಿ ಸ್ಟ್ಯಾಂಡಿಗೆ ಕಟ್ಟಿ, ಕೆಳಭಾಗವನ್ನು 200 ಲೀಟರ್ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಗೇರ್ ಹಾಕದೆ ನಿಧಾನಕ್ಕೆ ಓಡಿಸಿ. ಬೇಸಿಗೆಗೆ ಎತ್ತಿಡುವಾಗ ನಿಲ್ಲಿಸಿಯೇ ಇಡಿ. ಫೋರ್ ಸ್ಟ್ರೋಕ್ ಇಂಜಿನನ್ನು ಗಾಡಿಯಲ್ಲಿ ಮಲಗಿಸಿ ಒಯ್ಯಲೇಬೇಕಾದರೆ ಕಂಪನಿ ಗುರುತು ಮಾಡಿರುವ ಪಕ್ಕಕ್ಕೇ ಮಲಗಿಸಿ. ಬೇರೆ ಪಕ್ಕಕ್ಕೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿದು, ಮುಂದಿನ ಸಲ ಹಗ್ಗ ಎಳೆದಾಗ ಇಂಜಿನ್ ತಿರುಗುವುದೇ ಇಲ್ಲ. ಹಾಗಾದರೆ ಬಲ ಹಾಕಿ ಎಳೆಯದೆ ಪ್ಲಗ್ ಬಿಚ್ಚಿ, ಮೆಲ್ಲಗೆ ತಿರುಗಿಸಿ ಆಯಿಲ್ ಹೊರಹಾಕಿ.