ಮಿರರ್‌ಲೆಸ್ಸೋ, ಜೇಬಿಗೆ ಹಿಡಿಯುವ ಕ್ಯಾಮೆರಾವೋ? ದುಡ್ಡು ಕೊಡುವ ಮೊದಲು ಒಂದು ಸಂಜೆ ಹೀಗೆ ಪರೀಕ್ಷೆ ಮಾಡಿ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಇರುವ ನಾದಿನಿಯ ಮನೆಗೆ ಹೋಗಿದ್ದೆ. ಆಕೆ ಬೀರುವಿನಿಂದ ಕ್ಯಾಮೆರಾ ಬ್ಯಾಗ್ ತೆಗೆದು ಕೈಗಿಟ್ಟಳು. ಒಳಗೆ ಒಳ್ಳೆಯ ಫುಲ್ ಫ್ರೇಮ್ ಮಿರರ್‌ಲೆಸ್ ಇತ್ತು, ಅಂದರೆ ಲೆನ್ಸ್ ಬದಲಾಯಿಸಬಹುದಾದ, ದೊಡ್ಡ ಸೆನ್ಸರ್ (ಬೆಳಕು ಹಿಡಿದು ಫೋಟೊ ಮಾಡುವ ಚಿಪ್) ಇರುವ ಕ್ಯಾಮೆರಾ. ಲೆನ್ಸ್ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಒಳಗಿನ ಗಾಜಿನ ಮೇಲೆ ಜೇಡನ ಬಲೆಯಂಥ ಬಿಳಿ ಎಳೆಗಳು. ಬೂಷ್ಟು ಹಿಡಿದಿತ್ತು.

"ಮಗುವಿನ ನಾಮಕರಣಕ್ಕೆ ತೆಗೆದಿದ್ದೇ ಕೊನೆ. ಇದನ್ನೂ ಹೊತ್ಕೊಂಡು, ಮಗೂನೂ ಎತ್ಕೊಂಡು ಓಡಾಡೋಕೆ ಆಗಲ್ಲ ಭಾವ" ಅಂದಳು.

ಇದಕ್ಕೆ ಉಲ್ಟಾ ಕೇಸೂ ನೋಡಿದ್ದೇನೆ. ಪರಿಚಯದ ಹುಡುಗನೊಬ್ಬ ಲೆನ್ಸ್ ಬಿಚ್ಚಲಾಗದ ಚಿಕ್ಕ ಕಾಂಪ್ಯಾಕ್ಟ್ ಕ್ಯಾಮೆರಾ ನಂಬಿ ಮದುವೆ ಫೋಟೊ ಒಪ್ಪಿಕೊಂಡ. ಧಾರೆ ಹೊತ್ತಿಗೆ ಬ್ಯಾಟರಿ ಖಾಲಿ. ಹುಡುಗಿಯ ತಂದೆ ಅವನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಇಬ್ಬರೂ ತಗೊಂಡಿದ್ದು ಒಳ್ಳೆಯ ಕ್ಯಾಮೆರಾಗಳನ್ನೇ. ಆದರೆ ತಮ್ಮ ಕೆಲಸ ಏನು ಅಂತ ಅಳೆಯದೆ ತಗೊಂಡರು. ಅಳೆಯುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಮೊಬೈಲ್ ಗ್ಯಾಲರಿ ತೆರೆಯಿರಿ

ಕೊನೆಯ 200 ಫೋಟೊ ನೋಡಿ. ಮನೆಯೊಳಗಿನದು ಎಷ್ಟು, ಹೊರಗಿನದು ಎಷ್ಟು, ಓಡುವ ಮಕ್ಕಳದ್ದು ಎಷ್ಟು, ದೂರದ ಹಕ್ಕಿಯದ್ದು ಎಷ್ಟು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಕಬಿನಿಗೆ ಹೋಗಿ ಹುಲಿ ಫೋಟೊ ತೆಗೀತೀನಿ ಅನ್ನುವ ಆಸೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಈಗ ಏನು ತೆಗೆಯುತ್ತಿದ್ದೀರೋ ಅದನ್ನಷ್ಟೇ ಬರೆಯಿರಿ.

ಹಂತ 2: ಫೋಟೊ ಕೊನೆಗೆ ಎಲ್ಲಿ ಸೇರುತ್ತದೆ?

ವಾಟ್ಸ್‌ಆ್ಯಪ್‌ಗೆ ಮಾತ್ರ ಆದರೆ ಮೆಗಾಪಿಕ್ಸೆಲ್ (ಫೋಟೊದಲ್ಲಿ ಎಷ್ಟು ಹತ್ತು ಲಕ್ಷ ಚುಕ್ಕೆಗಳಿವೆ ಅನ್ನುವ ಲೆಕ್ಕ) ಚಿಂತೆ ಬಿಟ್ಟುಬಿಡಿ. ಆಲ್ಬಮ್‌ಗೆ ಆದರೆ ಲೆಕ್ಕ ಸುಲಭ. ನಮ್ಮ ಮದುವೆ ಆಲ್ಬಮ್‌ನ ಒಂದು ಪುಟ ಸಾಮಾನ್ಯವಾಗಿ 12×18 ಇಂಚು. ಇಂಚಿಗೆ 300 ಚುಕ್ಕೆ ಹಿಡಿದರೆ 3600×5400, ಅಂದರೆ 19.4 ಮೆಗಾಪಿಕ್ಸೆಲ್. ಸೋನಿ ಆರ್‌ಎಕ್ಸ್100 ಸೆವೆನ್‌ನಂಥ ಜೇಬಿನ ಕ್ಯಾಮೆರಾದಲ್ಲೇ 20 ಮೆಗಾಪಿಕ್ಸೆಲ್ ಇದೆ. ಹಾಗಾಗಿ ಈ ಅಂಕಿ ಇಟ್ಟುಕೊಂಡು ಎರಡರ ನಡುವೆ ತೀರ್ಮಾನ ಮಾಡಬೇಡಿ.

ಇಲ್ಲೇ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ ಹೆಸರೇ ಕೇಳಿರದ ಕಂಪನಿಗಳ "48 ಮೆಗಾಪಿಕ್ಸೆಲ್, 4ಕೆ" ಪುಟಾಣಿ ಕ್ಯಾಮೆರಾಗಳು ಕಾಣುತ್ತವೆ. ಒಳಗಿರುವ ಸೆನ್ಸರ್ ಹಳೇ ಮೊಬೈಲಿನಷ್ಟೇ ಚಿಕ್ಕದು. ಇಲ್ಲದ ಪಿಕ್ಸೆಲ್‌ಗಳನ್ನು ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿ ಅಂಕಿ ದೊಡ್ಡದು ಮಾಡಿರುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೂ ಕೊಡಿಸಬೇಡಿ. ನಿಮ್ಮ ಮೊಬೈಲೇ ಅದಕ್ಕಿಂತ ಚೆನ್ನಾಗಿ ತೆಗೆಯುತ್ತದೆ.

ಹಂತ 3: ತೂಕ

ಸೋನಿ ಎ7 ಫೋರ್ ಅನ್ನುವ ಫುಲ್ ಫ್ರೇಮ್ ಮಿರರ್‌ಲೆಸ್, ಲೆನ್ಸ್ ಇಲ್ಲದೆ ಬರೀ ಬಾಡಿ, ಬ್ಯಾಟರಿ ಸೇರಿ 658 ಗ್ರಾಂ. ಅದಕ್ಕೆ ವೃತ್ತಿಯವರು ಹಾಕುವ 24-70 ಎಂಎಂ ಎಫ್ 2.8 ಲೆನ್ಸ್, ಎರಡನೇ ಆವೃತ್ತಿಯದ್ದು, 695 ಗ್ರಾಂ. ಒಟ್ಟು 1,353 ಗ್ರಾಂ. ಆರ್‌ಎಕ್ಸ್100 ಸೆವೆನ್ 302 ಗ್ರಾಂ. ಇನ್ನೊಂದು ಜೇಬಿನ ಕ್ಯಾಮೆರಾ ರಿಕೋ ಜಿಆರ್ ತ್ರೀ 257 ಗ್ರಾಂ. ಬೇಳೆ, ಅಕ್ಕಿ ತುಂಬಿ 1,350 ಗ್ರಾಂ ತೂಗುವ ಚೀಲವನ್ನು ಒಂದು ದಿನ ಕುತ್ತಿಗೆಗೆ ಹಾಕಿಕೊಂಡು ಹಂಪಿಯಷ್ಟಲ್ಲ, ನಿಮ್ಮ ಬಡಾವಣೆಯನ್ನೇ ಸುತ್ತಿ ಬನ್ನಿ.

ಹಂತ 4: ಬೆಳಕಿನ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಕ್ಯಾಮೆರಾ ಕತ್ತಲಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ: ಸೆನ್ಸರ್ ಎಷ್ಟು ಅಗಲ, ಲೆನ್ಸ್‌ನ ಕಿಂಡಿ ಎಷ್ಟು ದೊಡ್ಡದು. ಅಂಗಡಿಯಲ್ಲಿ ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಫುಲ್ ಫ್ರೇಮ್ ಸೆನ್ಸರ್ 36×24 ಎಂಎಂ. ವಿಸ್ತೀರ್ಣ 864 ಚದರ ಎಂಎಂ. ಒಳ್ಳೆಯ ಕಾಂಪ್ಯಾಕ್ಟ್‌ಗಳಲ್ಲಿ ಬರುವ "ಒಂದಿಂಚು" ಸೆನ್ಸರ್ ಯಾವ ಕಡೆಯಿಂದ ಅಳೆದರೂ ಒಂದಿಂಚು ಇರುವುದಿಲ್ಲ. ಅದು 13.2×8.8 ಎಂಎಂ, ಸುಮಾರು 116 ಚದರ ಎಂಎಂ. ಹಳೇ ಕಾಲದ ವಿಡಿಯೊ ಕ್ಯಾಮೆರಾಗಳ ಗಾಜಿನ ನಳಿಕೆಯ ಹೊರ ಅಳತೆಯಿಂದ ಆ ಹೆಸರು ಬಂದು ಹಾಗೇ ಉಳಿದಿದೆ. ಅಂದರೆ ಫುಲ್ ಫ್ರೇಮ್ ಏಳು ಪಟ್ಟಿಗಿಂತ ದೊಡ್ಡದು. ಏಳು ಪಟ್ಟು ಲಾಭ ಅಂದುಕೊಂಡು ಜನ ಲಕ್ಷಗಟ್ಟಲೆ ಸುರಿಯುತ್ತಾರೆ.

ಈಗ ಲೆನ್ಸ್ ನೋಡಿ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 2.8 ಕಿಂಡಿಯಲ್ಲಿ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಬರುತ್ತದೆ. ದುಡ್ಡೆಲ್ಲ ಕ್ಯಾಮೆರಾ ಬಾಡಿಯ ಮೇಲೆ ಹಾಕಿ, ಜೊತೆಗೆ ಬಂದ 28-70 ಕಿಟ್ ಲೆನ್ಸ್‌ಗೇ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಜೂಮ್ ಮಾಡಿದಾಗ ಅದರ ಕಿಂಡಿ ಎಫ್ 5.6. ಕ್ಯಾನನ್ ಜಿ7 ಎಕ್ಸ್ ಮಾರ್ಕ್ ತ್ರೀಯಂಥ ಕಾಂಪ್ಯಾಕ್ಟ್ ಪೂರ್ತಿ ಜೂಮ್‌ನಲ್ಲೂ ಎಫ್ 2.8 ಇರುತ್ತದೆ. ಏಳು ಪಟ್ಟು ಇದ್ದ ಲಾಭವನ್ನು ನಾಲ್ಕರಿಂದ ಭಾಗಿಸಿ. ಉಳಿಯುವುದು ಎರಡು ಪಟ್ಟಿಗೂ ಸ್ವಲ್ಪ ಕಮ್ಮಿ. ಅಷ್ಟಕ್ಕೋಸ್ಕರ ಅಷ್ಟೊಂದು ತೂಕ, ಅಷ್ಟೊಂದು ದುಡ್ಡು!

ಅದೇ ಫುಲ್ ಫ್ರೇಮ್‌ಗೆ 50 ಎಂಎಂ ಎಫ್ 1.8 ಲೆನ್ಸ್ ಹಾಕಿ ನೋಡಿ. ಇದು ಹಲವು ಕಂಪನಿಗಳಲ್ಲಿ ಕಡಿಮೆ ಬೆಲೆಯ ಲೆನ್ಸ್‌ಗಳ ಸಾಲಿನಲ್ಲೇ ಬರುತ್ತದೆ. ಕ್ಯಾನನ್‌ನದು ಬರೀ 160 ಗ್ರಾಂ. ಎಫ್ 2.8ರ ಆ ಕಾಂಪ್ಯಾಕ್ಟ್‌ಗೆ ಹೋಲಿಸಿದರೆ ಲಾಭ ಈಗ ಹದಿನೆಂಟು ಪಟ್ಟು ಹತ್ತಿರ. ಯಕ್ಷಗಾನದ ರಾತ್ರಿ ಆಟದಲ್ಲಿ ಫ್ಲ್ಯಾಶ್ ಹಾಕದೆ ಧೀಂಗಿಣ, ಅಂದರೆ ವೇಷಧಾರಿ ಗಿರಗಿರ ಸುತ್ತುವುದನ್ನು, ಹಿಡಿಯುತ್ತೀರಲ್ಲ, ಅದು ಈ ಹದಿನೆಂಟು ಪಟ್ಟಿನ ಕೆಲಸ. (ಫ್ಲ್ಯಾಶ್ ದಯವಿಟ್ಟು ಹಾಕಬೇಡಿ. ಕುಣಿಯುವ ಕಲಾವಿದರ ಕಣ್ಣಿಗೆ ಹೊಡೆಯುತ್ತದೆ.)

ಹಾಗಾಗಿ ನನ್ನ ಮಾತು ಖಡಕ್: ಲೆನ್ಸ್‌ಗೆ ದುಡ್ಡಿಲ್ಲ ಅಂದರೆ ಮಿರರ್‌ಲೆಸ್ ತಗೊಳ್ಳಬೇಡಿ. ಹಿಂದಿನ ತಲೆಮಾರಿನ ಬಾಡಿ ತಗೊಂಡು, ಉಳಿದ ದುಡ್ಡನ್ನು ಒಂದು ಒಳ್ಳೆಯ ಲೆನ್ಸ್‌ಗೆ ಹಾಕಿ. ಇಲ್ಲವೇ ಕಾಂಪ್ಯಾಕ್ಟ್ ತಗೊಂಡು ನೆಮ್ಮದಿಯಾಗಿರಿ.

ಎರಡರ ಮಧ್ಯೆ ನಿಲ್ಲುವ ಕ್ಯಾಮೆರಾಗಳೂ ಇವೆ. ಜಿಆರ್ ತ್ರೀಯಲ್ಲಿ ಎಪಿಎಸ್-ಸಿ ಸೆನ್ಸರ್ ಇದೆ. ಒಂದಿಂಚಿನದಕ್ಕಿಂತ ಮೂರು ಪಟ್ಟು ದೊಡ್ಡದು, ಆದರೂ ಶರ್ಟಿನ ಜೇಬಿಗೆ ಹೋಗುತ್ತದೆ. 2024ರಲ್ಲಿ ಬಂದ ಫ್ಯೂಜಿ ಎಕ್ಸ್100 ಸಿಕ್ಸ್ ಕೂಡ ಅದೇ ಅಳತೆಯ ಸೆನ್ಸರಿನದು, ಆದರೆ 521 ಗ್ರಾಂ, ಜಾಕೆಟ್ ಜೇಬೇ ಬೇಕು. ಇವೆರಡರಲ್ಲೂ ಜೂಮ್ ಇಲ್ಲ. ಹತ್ತಿರ ಬೇಕಿದ್ದರೆ ನೀವೇ ನಡೆದು ಹೋಗಬೇಕು. ನನಗೆ ಇಷ್ಟವಾದದ್ದು ಈ ಜಾತಿಯೇ. ಊರ ಸಂತೆ, ಬಸ್ ಸ್ಟ್ಯಾಂಡ್, ಮನೆಮಂದಿ, ಇಷ್ಟೇ ತೆಗೆಯುವವರಿಗೆ ಬೇರೇನೂ ಬೇಡ ಅಂತಲೇ ಹೇಳುತ್ತೇನೆ.

ಹಂತ 5: ಎರಡನ್ನೂ ಬಾಡಿಗೆಗೆ ತನ್ನಿ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಕ್ಯಾಮೆರಾ ಬಾಡಿಗೆಗೆ ಸಿಗುತ್ತವೆ. ಗುರುತಿನ ಚೀಟಿ, ಡಿಪಾಸಿಟ್ ಕೇಳುತ್ತಾರೆ. ನೀವು ನೋಡುತ್ತಿರುವ ಎರಡನ್ನೂ ಒಂದು ಶನಿವಾರ ಮನೆಗೆ ತನ್ನಿ. ಅಂಗಡಿಯೊಳಗೇ ನೋಡಿ ಮುಗಿಸುವ ಅಡ್ಡದಾರಿ ಬೇಡ. ಅಲ್ಲಿ ಅಷ್ಟು ಲೈಟು ಉರಿಯುತ್ತಿರುತ್ತದೆ, ಯಾವುದರಲ್ಲಿ ತೆಗೆದರೂ ಚೆನ್ನಾಗಿಯೇ ಕಾಣುತ್ತದೆ.

ಸಂಜೆ ಏಳು ಗಂಟೆಗೆ ಶುರು ಮಾಡಿ. ಅಡುಗೆಮನೆಯಲ್ಲಿ ದಿನಾ ಉರಿಯುವ ಟ್ಯೂಬ್‌ಲೈಟ್ ಒಂದೇ ಇರಲಿ. ಒಬ್ಬರು ದೋಸೆ ಹೊಯ್ಯಲಿ. ಆ ಕೈ ನಿಮ್ಮ ಪರೀಕ್ಷೆ. ಹಿಟ್ಟು ಹಾಕಿ ಸೌಟನ್ನು ಗರಗರ ತಿರುಗಿಸುವ ಮಣಿಕಟ್ಟು ಸ್ಪಷ್ಟವಾಗಿ ಬಂದರೆ ಮನೆಯೊಳಗೆ ಓಡುವ ಮಗುವೂ ಬರುತ್ತದೆ.

ಎರಡರಲ್ಲೂ ಶಟರ್ ಪ್ರಯಾರಿಟಿ ಮೋಡ್ ಇಡಿ, ಅಂದರೆ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ನೀವೇ ಹೇಳುವ ಮೋಡ್. ಶಟರ್ 1/250 ಸೆಕೆಂಡ್. ಐಎಸ್‌ಒ (ಇರುವ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ, ಏರಿದಷ್ಟೂ ಫೋಟೊ ಕಾಳುಕಾಳು) ಆಟೊ, ಮೇಲ್ಮಿತಿ 12800. ಪೂರ್ತಿ ಆಟೊದಲ್ಲಿ ತೆಗೆಯಬೇಡಿ. ಅದು ಬೆಳಕು ಸಾಲದೆ 1/60ಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ, ಕೈ ಮಸುಕಾಗುತ್ತದೆ, ನೀವು ಕ್ಯಾಮೆರಾ ಸರಿಯಿಲ್ಲ ಅಂತೀರಿ. ನನ್ನ ಹತ್ತಿರ "ಕ್ಯಾಮೆರಾ ಕೆಟ್ಟಿದೆ" ಅಂತ ತಂದವರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಶಟರ್ ವೇಗ ಸರಿಯಾಗಿ ಸೆಟ್ ಮಾಡಿಕೊಟ್ಟ ಮೇಲೆ ಅದೇ ಕ್ಯಾಮೆರಾ ಇಟ್ಟುಕೊಂಡು ಖುಷಿಯಾಗಿದ್ದಾರೆ.

ಜೂಮ್ ಇಲ್ಲದೆ ಹತ್ತು, ಜೂಮ್ ಮಾಡಿ ಹತ್ತು ಫೋಟೊ ತೆಗೆಯಿರಿ. ಪ್ರತಿ ಸಲ ಐಎಸ್‌ಒ ಎಷ್ಟಕ್ಕೆ ಏರಿತು ಅಂತ ಬರೆಯಿರಿ. ಮಾಮೂಲಿ ಟ್ಯೂಬ್‌ಲೈಟ್ ಕೋಣೆಯಲ್ಲಿ ಎಫ್ 2 ಇದ್ದರೆ 1600 ಆಸುಪಾಸು ಸಾಕಾಗುತ್ತದೆ. ಎಫ್ 5.6 ಆದರೆ 12800ಕ್ಕೆ ಮುಟ್ಟುತ್ತದೆ. ಈ ಎರಡು ಅಂಕಿಗಳನ್ನು ನಿಮ್ಮ ಕಣ್ಣಿಂದಲೇ ನೋಡಿದರೆ ಮೇಲಿನ ಲೆಕ್ಕ ಮತ್ತೆ ಓದಬೇಕಿಲ್ಲ.

ಆಮೇಲೆ ಯಾರಾದರೂ ಬಾಗಿಲಿಂದ ನಿಮ್ಮ ಕಡೆಗೆ ಬೇಗ ಬೇಗ ನಡೆದು ಬರಲಿ. ಒತ್ತಿಹಿಡಿದು ಸಾಲಾಗಿ ತೆಗೆಯಿರಿ. ಹತ್ತರಲ್ಲಿ ಎಷ್ಟರಲ್ಲಿ ಕಣ್ಣು ಚೂಪಾಗಿದೆ ಎಣಿಸಿ. ಮಿರರ್‌ಲೆಸ್‌ನ ಕಣ್ಣು ಹಿಡಿಯುವ ಫೋಕಸ್ ತನ್ನ ಬೆಲೆ ತೋರಿಸುವುದು ಇಲ್ಲೇ.

ಫೋಟೊಗಳನ್ನು ಕಂಪ್ಯೂಟರ್‌ನಲ್ಲಿ ನೋಡುವಾಗ ಮೂಗಿನ ತುದಿ ಪರದೆ ತುಂಬುವಷ್ಟು ಹಿಗ್ಗಿಸಬೇಡಿ. 33 ಮೆಗಾಪಿಕ್ಸೆಲ್ ಮತ್ತು 20 ಮೆಗಾಪಿಕ್ಸೆಲ್ ಫೋಟೊಗಳನ್ನು ಹಾಗೆ ಹೋಲಿಸಿದರೆ ತಪ್ಪು ಉತ್ತರವೇ ಬರುತ್ತದೆ. ಎರಡರಿಂದ ಒಂದೊಂದು ಆರಿಸಿ, ಹತ್ತಿರದ ಸ್ಟುಡಿಯೊದಲ್ಲಿ 8×12 ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಹೆಸರು ಬರೆದು, ಫೋಟೊ ಬಗ್ಗೆ ಏನೂ ಗೊತ್ತಿಲ್ಲದ ಮನೆಯವರ ಕೈಗೆ ಕೊಡಿ. ಅವರಿಗೆ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಕೆಲಸಕ್ಕೆ ಆ ವ್ಯತ್ಯಾಸ ಬೇಕಿಲ್ಲ.

ಭಾನುವಾರ ಬೆಳಿಗ್ಗೆ ಒಂದನ್ನು ಹಿಡಿದು ತರಕಾರಿ ಮಾರ್ಕೆಟ್‌ಗೆ ಹೋಗಿ. ಸಂಜೆ ಇನ್ನೊಂದನ್ನು ಹಿಡಿದು ಅದೇ ದಾರಿಯಲ್ಲಿ ಹೋಗಿ. ಎಷ್ಟು ಸಲ ಕ್ಯಾಮೆರಾ ಹೊರಗೆ ತೆಗೆದಿರಿ ಅಂತ ಎಣಿಸಿ. ನಾದಿನಿಗೆ ಈ ಒಂದು ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು.

ಹಂತ 6: ಫೋಟೊಗೆ ದುಡ್ಡು ತಗೊಳ್ಳುತ್ತೀರಾ?

ಹೌದು ಅಂದರೆ ಮಾತು ಮುಗಿಯಿತು. ಮಿರರ್‌ಲೆಸ್ ತಗೊಳ್ಳಿ. ಅದರಲ್ಲೂ ಎರಡು ಕಾರ್ಡ್ ಸ್ಲಾಟ್ ಇರುವುದನ್ನೇ ತಗೊಂಡು, ಎರಡೂ ಕಾರ್ಡ್‌ಗೆ ಒಟ್ಟಿಗೆ ಬರೆಯುವ ಹಾಗೆ ಸೆಟ್ ಮಾಡಿ. ತಾಳಿ ಕಟ್ಟುವುದು ಒಂದೇ ಸಲ, ಕಾರ್ಡ್ ಕೈಕೊಟ್ಟರೆ ಮತ್ತೆ ಕಟ್ಟಿಸೋಕೆ ಆಗಲ್ಲ. ಕಾಂಪ್ಯಾಕ್ಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಸ್ಲಾಟ್. ಬ್ಯಾಟರಿ ಕೂಡ ನೋಡಿ. ಒಂದು ಚಾರ್ಜ್‌ಗೆ ಎ7 ಫೋರ್ ಪರದೆ ನೋಡಿ ತೆಗೆದರೆ 580 ಫೋಟೊ, ಆರ್‌ಎಕ್ಸ್100 ಸೆವೆನ್ 260, ಜಿಆರ್ ತ್ರೀ 200 ಅಂತ ತಯಾರಕರೇ ಹೇಳುತ್ತಾರೆ. ಮದುವೆ ಮನೆಯಲ್ಲಿ 200 ಫೋಟೊ ಕಾಶಿಯಾತ್ರೆಗೇ ಮುಗಿದುಹೋಗುತ್ತದೆ.

ರಂಗನತಿಟ್ಟಿನ ಹಕ್ಕಿ, ಕರಾವಳಿಯ ಕಂಬಳ ತೆಗೆಯುವವರಿಗೂ ಇದೇ ಉತ್ತರ. ಆರ್‌ಎಕ್ಸ್100 ಸೆವೆನ್‌ನ ಜೂಮ್ 200 ಎಂಎಂಗೆ ನಿಲ್ಲುತ್ತದೆ (ಲೆನ್ಸ್‌ನ ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಬರುತ್ತದೆ). ಹಕ್ಕಿಗೆ 400 ಆದರೂ ಬೇಕು.

ಹಂತ 7: ಪೂರ್ತಿ ಬಿಲ್

ಬಾಡಿ, ಲೆನ್ಸ್, ಎರಡನೇ ಬ್ಯಾಟರಿ, ಎರಡು ಕಾರ್ಡ್, ಬ್ಯಾಗ್, ಎಲ್ಲ ಕೂಡಿಸಿ ಹೋಲಿಸಿ. ಕ್ಯಾಮೆರಾ ಮೇಲೆ 18% ಜಿಎಸ್‌ಟಿ ಇದೆ. ಬಿಲ್ ಇಲ್ಲದೆ ಕಮ್ಮಿಗೆ ಕೊಡ್ತೀನಿ ಅನ್ನುವವರ ಹತ್ತಿರ ತಗೊಂಡರೆ ಇಲ್ಲಿನ ವಾರಂಟಿ ಸಿಗುವುದಿಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಅಂಗಡಿಯವರು ಪುಕ್ಕಟೆ ಕೊಡುವ ಅಗ್ಗದ ಯುವಿ ಫಿಲ್ಟರ್ ಹಾಕಬೇಡಿ. ದೀಪಾರಾಧನೆ ಫೋಟೊದಲ್ಲಿ ಒಂದು ದೀಪಕ್ಕೆ ಎರಡು ದೀಪ ಕಾಣುತ್ತದೆ. ಲೆನ್ಸ್‌ಗೆ ಹುಡ್, ಅಂದರೆ ಮುಂದೆ ಸಿಕ್ಕಿಸುವ ಮರೆ, ಹಾಕಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಆದರೆ ಆನ್ ಮಾಡಿ ಕಿವಿಯ ಹತ್ತಿರ ಹಿಡಿಯಿರಿ. ಲೆನ್ಸ್ ಹೊರಗೆ ಬರುವಾಗ ಕರಕರ ಅಂದರೆ ಗೋಕರ್ಣದ ಮರಳು ಒಳಗೆ ಹೋಗಿರಬಹುದು, ಬಿಟ್ಟುಬಿಡಿ. ಮಿರರ್‌ಲೆಸ್ ಆದರೆ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡಿ.

ಹಂತ 8: ಮನೆಗೆ ತಂದ ಮೇಲೆ

ಮಲೆನಾಡು, ಕರಾವಳಿಯವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಬಟ್ಟೆ ಬೀರುವಿನಲ್ಲಿ, ಚರ್ಮದ ಬ್ಯಾಗಿನಲ್ಲಿ ಇಡಬೇಡಿ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಜೊತೆಗೆ ಒಂದು ಚಿಕ್ಕ ತೇವಮಾಪಕ. 40ರಿಂದ 50% ನಡುವೆ ಇರಲಿ. ಜೆಲ್ ಬಣ್ಣ ತಿರುಗಿದ ದಿನವೇ ಹೊಸದು ಹಾಕಿ. ಬದಲಾಯಿಸುವ ಲೆನ್ಸ್‌ಗೆ ಬೂಷ್ಟು ಬಂದರೆ ಅದೊಂದನ್ನೇ ಸರ್ವೀಸ್‌ಗೆ ಕಳಿಸಬಹುದು. ಕಾಂಪ್ಯಾಕ್ಟ್ ಆದರೆ ಇಡೀ ಕ್ಯಾಮೆರಾ ಬಿಚ್ಚಬೇಕು, ಆ ಖರ್ಚು ಕೆಲವೊಮ್ಮೆ ಕ್ಯಾಮೆರಾದ ಬೆಲೆಯ ಹತ್ತಿರ ಹೋಗುತ್ತದೆ.

ನಾದಿನಿಯ ಲೆನ್ಸ್ ತೊಳೆಸಿದೆವು. ಹೊರಗಂಚಿನಲ್ಲಿ ಎರಡು ಕಲೆ ಉಳಿದಿವೆ, ಫೋಟೊದಲ್ಲಿ ಕಾಣುವುದಿಲ್ಲ. ಆ ಸೆಟ್ ಮಾರಿ, ಬಂದ ದುಡ್ಡಿನಲ್ಲಿ ಜೇಬಿನ ಕ್ಯಾಮೆರಾ ತಗೊಂಡಳು. ಅದು ಈಗ ಅಡುಗೆಮನೆಯ ಶೆಲ್ಫ್ ಮೇಲೆ, ಕಾಫಿಪುಡಿ ಡಬ್ಬದ ಪಕ್ಕ, ತನ್ನದೇ ಗಾಳಿಯಾಡದ ಡಬ್ಬಿಯಲ್ಲಿ ಇರುತ್ತದೆ. ಮೊನ್ನೆ ಕಳಿಸಿದ ಫೋಟೊದಲ್ಲಿ ಮಗು ದೋಸೆ ತುಂಡನ್ನು ಬೆಕ್ಕಿಗೆ ತಿನ್ನಿಸುತ್ತಿತ್ತು.