ಹೂಗಿಡದ ಕುಟುಂಬ, ಮೂಲ ನೆಲೆ ಪತ್ತೆ ಮಾಡುವುದು ಹೇಗೆ?

ಬಣ್ಣ ನೋಡಿಯೇ ಹೂವಿನ ಹೆಸರು ಹೇಳಿಬಿಡುವವರು ಜಾಸ್ತಿ. ಗಿಡ ಕಣ್ಣಿಗೆ ಬಿದ್ದ ಜಾಗವನ್ನೇ ಅದರ ಹುಟ್ಟೂರು ಎಂದು ಬರೆದುಕೊಳ್ಳುವವರು ಇನ್ನೂ ಜಾಸ್ತಿ. ಮೊದಲು ಕುಟುಂಬ (ಹತ್ತಿರದ ಸಂಬಂಧಿ ಗಿಡಗಳ ಗುಂಪು), ಆಮೇಲೆ ಹೆಸರು, ಕೊನೆಗೆ ನೆಲೆ. ಈ ಕ್ರಮ ಬಿಡದಿದ್ದರೆ ಎರಡೂ ತಪ್ಪು ಆಗುವುದಿಲ್ಲ.

ಹಂತ 1: ಹೊಸ ಬ್ಲೇಡು, ಬಿಳಿ ಹಾಳೆ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟುಕೊಳ್ಳಿ. 60 ಪಟ್ಟು ಎಂದು ಬರೆದಿರುವ ಅಗ್ಗದ ಗಾಜು ಕೊಳ್ಳಲೇಬೇಡಿ. ಅಂಚೆಲ್ಲ ಮಸುಕು, ಫೋಕಸ್ ನಿಲ್ಲುವುದಿಲ್ಲ.

ಹಂತ 2: ಎಲೆಗಳು ಎದುರುಬದುರಾಗಿವೆಯೇ, ಕಾಂಡ ಚೌಕವೇ, ಮುರಿದರೆ ಹಾಲು ಬರುತ್ತದೆಯೇ, ಬರೆದುಕೊಳ್ಳಿ.

ಹಂತ 3: ಹೂವು ಸೀಳುವುದು. ಬಹಳ ಜನ ಇದನ್ನೇ ಬಿಟ್ಟು ಮೊಬೈಲ್ ಆ್ಯಪ್‌ಗೆ ಫೋಟೊ ತೋರಿಸುತ್ತಾರೆ. ಆ್ಯಪ್ ಸುಳಿವು ಕೊಡಬಹುದು, ಆದರೆ ಹೂವಿನ ಒಳಗೇನಿದೆ ಎಂದು ಫೋಟೊದಲ್ಲಿ ಕಾಣುವುದಿಲ್ಲ, ಅಲ್ವಾ?

ಅಂದೇ ಅರಳಿದ, ಐದೇ ಎಸಳಿನ ದಾಸವಾಳ ತೆಗೆದುಕೊಳ್ಳಿ. ಒತ್ತೊತ್ತಾಗಿ ಎಸಳು ತುಂಬಿದ್ದು ಬೇಡ. ಅದರಲ್ಲಿ ಕೇಸರಗಳೇ (ಪರಾಗ ಹೊರುವ ಗಂಡು ಎಳೆಗಳು) ಎಸಳಾಗಿರುತ್ತವೆ, ಎಣಿಸಿದ ಲೆಕ್ಕ ದಾರಿ ತಪ್ಪಿಸುತ್ತದೆ. ತೊಟ್ಟಿನ ಕಡೆಯಿಂದ ಬ್ಲೇಡು ಇಟ್ಟು ಉದ್ದಕ್ಕೆ ಸರಿಯಾಗಿ ನಡುವೆ ಸೀಳಿ. ಒತ್ತಬೇಡಿ, ಎಳೆಯಿರಿ. ಒತ್ತಿದರೆ ಅಂಡಾಶಯ (ಮುಂದೆ ಕಾಯಾಗುವ ಭಾಗ) ನಜ್ಜುಗುಜ್ಜಾಗುತ್ತದೆ. ಈಗ ಗಾಜು ಹಿಡಿದು ನೋಡಿ. ಕೇಸರಗಳೆಲ್ಲ ಕೂಡಿ ಒಂದು ಕೊಳವೆಯಾಗಿವೆ. ಅದರ ಒಳಗಿನಿಂದ ತೂರಿ ಬಂದ ಶಲಾಕೆ (ಅಂಡಾಶಯದಿಂದ ಮೇಲೆದ್ದ ಹೆಣ್ಣು ಎಳೆ) ತುದಿಯಲ್ಲಿ ಐದು ಕವಲಾಗಿದೆ. ಬುಡದಲ್ಲಿ, ಎಸಳು ಅಂಟಿದ ಜಾಗಕ್ಕಿಂತ ಮೇಲೆ, ಅಂಡಾಶಯ ಕೂತಿದೆ. ಇನ್ನೊಂದು ಹೂವಿನ ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಿ, ಐದು ಕೋಣೆ ಕಾಣುತ್ತವೆ. ಕೇಸರದ ಕೊಳವೆಯೇ ಮಾಲ್ವೇಸಿ ಕುಟುಂಬದ ದೊಡ್ಡ ಸುಳಿವು. ಹತ್ತಿ, ಬೆಂಡೆ ಹೂವಿನಲ್ಲೂ ಇದೇ ಕಾಣುತ್ತದೆ.

ಅಂಡಾಶಯ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಖಂಡಿತ ಬರೆದುಕೊಳ್ಳಿ. ಕುಂಬಳದ ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದಲ್ಲ, ಅದೇ ಕೆಳಗಿರುವ ಅಂಡಾಶಯ. ಗಂಡು ಹೂವಿನಲ್ಲಿ ಅದು ಇರುವುದೇ ಇಲ್ಲ. ಆದ್ದರಿಂದ ಒಂದೇ ಹೂವು ಕಿತ್ತು ತೀರ್ಮಾನ ಮಾಡಬೇಡಿ.

ಸೂರ್ಯಕಾಂತಿಯಲ್ಲಿ ಎಸಳು ಎಣಿಸುತ್ತಾ ಕೂರಬೇಡಿ. ಅದು ಒಂದು ಹೂವಲ್ಲ, ನೂರಾರು ಹೂಗಳ ಗುಂಪು. ನಡುವಿನಿಂದ ಒಂದನ್ನು ಕಿತ್ತು ನೋಡಿ: ಐದು ಹಲ್ಲಿನ ಸಣ್ಣ ಕೊಳವೆ, ಅದರ ಕೆಳಗೆ ಮುಂದೆ ಬೀಜವಾಗುವ ಅಂಡಾಶಯ. ಇದು ಆಸ್ಟರೇಸಿ ಕುಟುಂಬ.

ಹಂತ 4: ಹೆಸರು. ಕುಟುಂಬ ಸಿಕ್ಕಿದ ಮೇಲೆ ಸಸ್ಯಸಂಪತ್ತಿನ ಪುಸ್ತಕದಲ್ಲಿ (ಒಂದು ಪ್ರದೇಶದ ಗಿಡಗಳನ್ನು ವಿವರಿಸುವಂಥದು) ಕುಲ, ಪ್ರಭೇದ ಹುಡುಕಿ. ಹಳೆಯ ಪುಸ್ತಕವಾದರೆ ಹುಷಾರು. 1998ರಿಂದ ಡಿಎನ್ಎ ಆಧರಿಸಿದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್) ಎಂಬ ಹೂಗಿಡಗಳ ವರ್ಗೀಕರಣ ಬಂದಿದೆ, ಅದರ ನಾಲ್ಕನೇ ಆವೃತ್ತಿ 2016ರದು. ಅದರಂತೆ ಬೂರುಗ ಈಗ ಮಾಲ್ವೇಸಿ, ಎಕ್ಕ ಅಪೊಸೈನೇಸಿ. ನಿತ್ಯಪುಷ್ಪ ಹಿಂದೆ ವಿಂಕಾ ರೋಸಿಯಾ ಆಗಿತ್ತು, ಈಗ ಕ್ಯಾಥರಾಂಥಸ್ ರೋಸಿಯಸ್. ಹಳೆಯ ಕುಲದ ಹೆಸರು ಹಿಡಿದು ನೆಲೆ ಹುಡುಕಿದರೆ ಯುರೋಪಿಗೆ ಹೋಗುತ್ತೀರಿ. ಗಿಡ ಮಾತ್ರ ಮಡಗಾಸ್ಕರ್‌ನದು.

ಹಂತ 5: ಮೂಲ ನೆಲೆ. ಹೆಸರಿನಲ್ಲಿರುವ ಊರನ್ನು ನಂಬಬೇಡಿ. ಹೈಬಿಸ್ಕಸ್ ಸಿರಿಯಾಕಸ್ ಸಿರಿಯಾದ್ದಲ್ಲ, ಪೂರ್ವ ಏಷ್ಯಾದ್ದು. ಆಸ್ಕ್ಲೇಪಿಯಾಸ್ ಸಿರಿಯಾಕಾ ಉತ್ತರ ಅಮೆರಿಕದ್ದು. ಸಿಲ್ಲಾ ಪೆರುವಿಯಾನಾ ಪೆರುವಿನದಲ್ಲ, ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ್ದು.

ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಜಾಲತಾಣ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್' ತೆರೆಯಿರಿ, ನನಗೆ ಇದರಷ್ಟು ಸರಾಗವಾದದ್ದು ಬೇರೆ ಇಲ್ಲ. ನಕ್ಷೆಯಲ್ಲಿ ಹಸಿರು ಅಂದರೆ ಮೂಲ ನೆಲೆ, ನೇರಳೆ ಅಂದರೆ ಮನುಷ್ಯರು ಒಯ್ದ ಜಾಗ. ಲಂಟಾನ ಹುಡುಕಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಅಮೆರಿಕದ ಉಷ್ಣವಲಯದ ಈ ಗಿಡ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲೆಲ್ಲ ಹಬ್ಬಿದೆ. ಜನ ಫೋಟೊ ಹಾಕುವ ತಾಣಗಳ ಚುಕ್ಕಿ ನಕ್ಷೆ ಇದಕ್ಕೆ ಸಾಲದು. ಕಂಡಲ್ಲೆಲ್ಲ ಚುಕ್ಕಿ ಬಿದ್ದಿರುತ್ತದೆ, ಅಷ್ಟೇ.

ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ 'ಮೂಲ ನೆಲೆ', 'ಕಂಡ ಜಾಗ' ಎಂದು ಎರಡು ಸಾಲು ಬೇರೆ ಬೇರೆ ಬರೆಯಿರಿ. ಹೆಸರಿನ ನಡುವೆ ಗುಣಾಕಾರದ ಚಿಹ್ನೆ ಇದ್ದರೆ ಅದು ಮಿಶ್ರತಳಿ. ತೋಟದಲ್ಲೇ ಹುಟ್ಟಿದ ಮಿಶ್ರತಳಿಗೆ ಕಾಡಿನ ನೆಲೆ ಇರುವುದಿಲ್ಲ. ಸುಮ್ನೆ ಒಂದು ದೇಶದ ಹೆಸರು ತುಂಬಬೇಡಿ, ಅದರ ತಾಯಿ ತಂದೆ ಪ್ರಭೇದಗಳ ನೆಲೆ ಬರೆದರೆ ಸಾಕು.